ಆರ್ಡರ್ ನಿಂತರೆ ಎಷ್ಟು ದಿನ? ಸಣ್ಣ ಉದ್ದಿಮೆಯ ತಾಳಿಕೆಯ ಲೆಕ್ಕ

2025ರ ಆಗಸ್ಟ್ 7ರಂದು ಅಮೆರಿಕ ಭಾರತದ ಸರಕುಗಳ ಮೇಲೆ ಶೇ 25ರಷ್ಟು ಸುಂಕ ಹೇರಿತು. ಇಪ್ಪತ್ತೇ ದಿನಕ್ಕೆ, ಆಗಸ್ಟ್ 27ರಂದು, ಅದರ ಮೇಲೆ ಇನ್ನೊಂದು 25 ಬಿತ್ತು. ಇದರ ಬಿಸಿ ಬೆಂಗಳೂರಿನ ಸಿದ್ಧ ಉಡುಪು ರಫ್ತುದಾರರಿಗೆ ತಟ್ಟಿದ್ದು ಎಲ್ಲರಿಗೂ ಕಂಡಿತು. ಅವರಿಗೆ ಗುಂಡಿ, ದಾರ, ರಟ್ಟಿನ ಪೆಟ್ಟಿಗೆ ಕೊಡುವವರ ಪಾಡು ಅಷ್ಟಾಗಿ ಕಾಣುವುದಿಲ್ಲ. ಅವರು ಒಂದು ದಿನವೂ ರಫ್ತು ಮಾಡಿದವರಲ್ಲ, ಆದರೂ ಪೆಟ್ಟಿಗೆಗೆ ಬಟ್ಟೆಯೇ ಬಾರದಿದ್ದರೆ ಪೆಟ್ಟಿಗೆಯವನಿಗೂ ಕೆಲಸವಿಲ್ಲ.

ಹಿಂದಿನ ಹತ್ತು ವರ್ಷಗಳನ್ನು ನೋಡಿದರೆ ಇಂಥ ಹೊಡೆತ ಹೊಸದಲ್ಲ. 2016ರ ನವೆಂಬರ್‌ನಲ್ಲಿ ನೋಟು ರದ್ದು, 2017ರ ಜುಲೈನಲ್ಲಿ ಜಿಎಸ್‌ಟಿ, 2018ರಲ್ಲಿ ಕೊಡಗಿನ ಭೂಕುಸಿತ, 2019ರಲ್ಲಿ ಬೆಳಗಾವಿ–ಬಾಗಲಕೋಟೆ ಕಡೆಯ ನೆರೆ, 2020ರಲ್ಲಿ ಲಾಕ್‌ಡೌನ್. ಪ್ರತಿ ಸಲವೂ ಒಂದಷ್ಟು ಘಟಕಗಳು ಉಳಿದವು, ಒಂದಷ್ಟು ಬಾಗಿಲು ಹಾಕಿದವು. ಉಳಿದವರ ಧೈರ್ಯ, ಛಲದ ಬಗ್ಗೆ ಮಾತಾಡುವುದು ಸುಲಭ. ಧೈರ್ಯ ಬೇಕು, ನಿಜ. ಆದರೆ ಉದ್ದಿಮೆಯೊಂದರ ತಾಳಿಕೆಯ ಬಹುಪಾಲನ್ನು ಕಾಗದದ ಮೇಲೆ ಲೆಕ್ಕ ಹಾಕಬಹುದು, ಮತ್ತು ಲೆಕ್ಕ ಹಾಕಿದವರು ಅದನ್ನು ಹೆಚ್ಚಿಸಿಕೊಳ್ಳಲೂಬಹುದು. ಆ ಲೆಕ್ಕ ಹೇಗೆ ಎನ್ನುವುದನ್ನು ಇಲ್ಲಿ ಮೊದಲಿನಿಂದ ನೋಡೋಣ.

ಸಂಪಿನಲ್ಲಿ ನೀರೆಷ್ಟು?

ದಿನ ಬಿಟ್ಟು ದಿನ ಕಾವೇರಿ ನೀರು ಬರುವ ಮನೆಯನ್ನು ನೆನಪಿಸಿಕೊಳ್ಳಿ. ಬೀದಿ ನಲ್ಲಿಯಲ್ಲಿ ನೀರು ಬಂದಾಗ ಸಂಪು ತುಂಬುತ್ತದೆ. ಮನೆಯೊಳಗಿನ ಖರ್ಚು ಮಾತ್ರ ಪ್ರತಿದಿನವೂ ಇದ್ದದ್ದೇ. ನೀರು ಒಂದು ವಾರ ಬರುವುದಿಲ್ಲ ಎಂದಾಗ ಮನೆಯ ಬೆಲೆ ಎಷ್ಟು ಕೋಟಿ ಎಂದು ಯಾರೂ ಕೇಳುವುದಿಲ್ಲ. ಸಂಪಿನಲ್ಲಿ ಎಷ್ಟಿದೆ, ದಿನಕ್ಕೆ ಎಷ್ಟು ಖರ್ಚು, ಇವೆರಡೇ ಪ್ರಶ್ನೆ.

ಉದ್ದಿಮೆಯಲ್ಲಿ ಗಿರಾಕಿಯ ಪೇಮೆಂಟ್ ಬೀದಿ ನಲ್ಲಿಯ ನೀರಿದ್ದಂತೆ. ಬಟವಾಡೆ, ಬಾಡಿಗೆ, ಕಂತು, ಕರೆಂಟು ಬಿಲ್ಲು ಮನೆಯೊಳಗಿನ ಖರ್ಚು. ಕೈಯಲ್ಲಿರುವ ನಗದು ಮತ್ತು ಓಡಿ ಖಾತೆಯಲ್ಲಿ ಇನ್ನೂ ಬಳಸದ ಮಿತಿ, ಇವೆರಡೂ ಸೇರಿ ಸಂಪು. ಓಡಿ ಎಂದರೆ ಬ್ಯಾಂಕು ಒಂದು ಗರಿಷ್ಠ ಮೊತ್ತ ನಿಗದಿ ಮಾಡಿ, ಅದರೊಳಗೆ ಬೇಕಾದಾಗ ತೆಗೆದು, ಬಂದಾಗ ಕಟ್ಟುವ ಸೌಲಭ್ಯ. ಯಂತ್ರ, ಶೆಡ್ಡು, ನಿವೇಶನ ಆಸ್ತಿಯೇನೋ ಹೌದು, ಆದರೆ ಶನಿವಾರದ ಬಟವಾಡೆಗೆ ಅವು ಒದಗುವುದಿಲ್ಲ.

ಲಾಭವಿದ್ದೂ ಮುಚ್ಚುವುದು ಹೇಗೆ

ಸಣ್ಣ ಘಟಕಗಳು ನಷ್ಟಕ್ಕಿಂತ ಹೆಚ್ಚಾಗಿ ಕೈಯಲ್ಲಿ ಹಣವಿಲ್ಲದೆ ಮುಚ್ಚುತ್ತವೆ. ಲೆಕ್ಕಪುಸ್ತಕದಲ್ಲಿ ಲಾಭವಿರುತ್ತದೆ, ಬ್ಯಾಂಕಿನಲ್ಲಿ ಇರುವುದಿಲ್ಲ. ನಡುವೆ ಇರುವುದು ಕಾಲದ ಅಂತರ.

ಪೀಣ್ಯದಂಥ ಕೈಗಾರಿಕಾ ಪ್ರದೇಶದಲ್ಲಿ ಯಂತ್ರದ ಬಿಡಿಭಾಗ ಮಾಡುವ ಒಂದು ಘಟಕವನ್ನು ಊಹಿಸಿಕೊಳ್ಳಿ. ಉಕ್ಕು ತಂದು ಗೋದಾಮಿನಲ್ಲಿ 30 ದಿನ, ಕೆಲಸದಲ್ಲಿ 15 ದಿನ, ಮಾಲು ಕಳಿಸಿದ ಮೇಲೆ ಹಣ ಬರಲು 75 ದಿನ. ಒಟ್ಟು 120 ದಿನ. ಉಕ್ಕಿನ ವ್ಯಾಪಾರಿ 30 ದಿನ ಉದ್ರಿ ಕೊಡುತ್ತಾನೆ. ಮಿಕ್ಕ 90 ದಿನ ಮಾಲೀಕ ತನ್ನ ಹಣವನ್ನೋ ಬ್ಯಾಂಕಿನ ಹಣವನ್ನೋ ಹಾಕಿ ಕಾಯಬೇಕು. ಈ ಅಂತರ ತುಂಬುವ ಹಣಕ್ಕೆ ದುಡಿಯುವ ಬಂಡವಾಳ ಎನ್ನುತ್ತಾರೆ.

ಇದರ ಮೇಲೆ ಜಿಎಸ್‌ಟಿ. ತಿಂಗಳಿಗೆ 20 ಲಕ್ಷದ ಮಾಲಿಗೆ ಶೇ 18ರಂತೆ 3.6 ಲಕ್ಷ ತೆರಿಗೆ. ಜಿಎಸ್‌ಟಿ ಬೀಳುವ ಖರೀದಿ 10 ಲಕ್ಷದ್ದು ಎನ್ನಿ (ವಿದ್ಯುತ್ತಿಗೆ ಜಿಎಸ್‌ಟಿ ಇಲ್ಲ), ಅದಕ್ಕೆ ಶೇ 18ರಂತೆ ಕಟ್ಟಿದ 1.8 ಲಕ್ಷ ಕಳೆದರೆ ಉಳಿದ 1.8 ಲಕ್ಷವನ್ನು ಸಾಮಾನ್ಯವಾಗಿ ಮುಂದಿನ ತಿಂಗಳ 20ರೊಳಗೆ ಕಟ್ಟಬೇಕು. ತೆರಿಗೆ ಬಿಲ್ಲಿನ ಮೇಲೆ ಬೀಳುತ್ತದೆ, ಪೇಮೆಂಟಿನ ಮೇಲಲ್ಲ. ಗಿರಾಕಿ ಕೊಡುವುದು 75ನೇ ದಿನ, ಸರ್ಕಾರಕ್ಕೆ ಕಟ್ಟುವುದು ಅದಕ್ಕೂ ಮೊದಲು. ತಡವಾದರೆ ವರ್ಷಕ್ಕೆ ಶೇ 18 ಬಡ್ಡಿ.

ಇದೇ ಲೆಕ್ಕವನ್ನು ತಿರುಗಿಸಿ ನೋಡಿ. ಪೇಮೆಂಟ್ ಹತ್ತು ದಿನ ಬೇಗ ಬಂದರೂ ಸುಮಾರು 6.7 ಲಕ್ಷ ಕೈಗೆ ಬರುತ್ತದೆ. ಹೊಸ ಸಾಲವಿಲ್ಲ, ಬಡ್ಡಿಯಿಲ್ಲ.

ಇಪ್ಪತ್ತು ಲಕ್ಷದ ಘಟಕ ಎಷ್ಟು ದಿನ ತಾಳುತ್ತದೆ?

ಅದೇ ಘಟಕದ ತಿಂಗಳ ವಹಿವಾಟು ಜಿಎಸ್‌ಟಿ ಬಿಟ್ಟು 20 ಲಕ್ಷ. ಇದರಲ್ಲಿ ಉಕ್ಕು, ಟೂಲಿಂಗ್, ಸಾಗಣೆ, ಯಂತ್ರ ಓಡಿಸುವ ವಿದ್ಯುತ್ ಸೇರಿ 11 ಲಕ್ಷ. ಕೆಲಸ ಕಡಿಮೆಯಾದರೆ ಇದೂ ಕಡಿಮೆಯಾಗುತ್ತದೆ, ಆದ್ದರಿಂದ ಬದಲಾಗುವ ಖರ್ಚು. ಉಳಿಯುವುದು 9 ಲಕ್ಷ, ಅಂದರೆ ನೂರು ರೂಪಾಯಿ ವಹಿವಾಟಿಗೆ 45.

ಸ್ಥಿರ ಖರ್ಚು, ಅಂದರೆ ಕೆಲಸವಿರಲಿ ಇಲ್ಲದಿರಲಿ ತಪ್ಪದ್ದು: 12 ಜನರ ಸಂಬಳ, ಪಿಎಫ್, ಇಎಸ್‌ಐ ಸೇರಿ 3.6 ಲಕ್ಷ, ಬಾಡಿಗೆ 80 ಸಾವಿರ, ಯಂತ್ರದ ಸಾಲದ ಕಂತು 1.5 ಲಕ್ಷ, ಓಡಿ ಬಡ್ಡಿ 40 ಸಾವಿರ, ವಿದ್ಯುತ್ತಿನ ನಿಗದಿತ ಶುಲ್ಕ 20 ಸಾವಿರ, ಲೆಕ್ಕಪತ್ರ, ನಿರ್ವಹಣೆ, ವಿಮೆ, ವಾಹನ ಇತ್ಯಾದಿ 70 ಸಾವಿರ, ಮಾಲೀಕ ಮನೆಗೆ ಒಯ್ಯುವುದು 1 ಲಕ್ಷ. ಒಟ್ಟು 8.2 ಲಕ್ಷ. ತಿಂಗಳ ಕೊನೆಗೆ ಉಳಿಯುವುದು 80 ಸಾವಿರ.

ಲಾಭವೂ ಇಲ್ಲದ ನಷ್ಟವೂ ಇಲ್ಲದ ವಹಿವಾಟು ಎಷ್ಟು? 8.2 ಲಕ್ಷವನ್ನು 0.45ರಿಂದ ಭಾಗಿಸಿ: ಸುಮಾರು 18.2 ಲಕ್ಷ. ಅಂದರೆ ವಹಿವಾಟು ಶೇ 9 ಇಳಿದರೆ ಸಾಕು, ಲಾಭ ಪೂರ್ತಿ ಹೋಯಿತು. ಚೆನ್ನಾಗಿಯೇ ನಡೆಯುತ್ತಿದೆ ಎಂದುಕೊಂಡ ಘಟಕಕ್ಕೆ ಇರುವ ಅಂತರ ಇಷ್ಟೇ.

ಈಗ ಸಂಪು. ನಗದು 6 ಲಕ್ಷ, 40 ಲಕ್ಷದ ಓಡಿಯಲ್ಲಿ ಬಳಸದೆ ಉಳಿದದ್ದು 5 ಲಕ್ಷ, ಒಟ್ಟು 11 ಲಕ್ಷ. ವಹಿವಾಟು ಅರ್ಧಕ್ಕೆ ಇಳಿದರೆ ಉಳಿಕೆ 4.5 ಲಕ್ಷ, ಸ್ಥಿರ ಖರ್ಚು 8.2 ಲಕ್ಷ, ತಿಂಗಳಿಗೆ ಕೊರತೆ 3.7 ಲಕ್ಷ. ಮೂರು ತಿಂಗಳಿಗೆ ಸಂಪು ಖಾಲಿ. ಒಳಬರುವ ಹಣ ಪೂರ್ತಿ ನಿಂತರೆ ನಲವತ್ತೇ ದಿನ. 2020ರಲ್ಲಿ ಮಾರ್ಚ್ 25ರಿಂದ ಮೇ 31ರವರೆಗೆ ದೇಶವ್ಯಾಪಿ ಲಾಕ್‌ಡೌನ್ ಇದ್ದದ್ದು 68 ದಿನ. ಕಾರ್ಖಾನೆಗಳಿಗೆ ನಡುವೆಯೇ ಹಂತಹಂತವಾಗಿ ಅನುಮತಿ ಸಿಕ್ಕಿತು. ಆದರೆ ಅನುಮತಿ ಸಿಕ್ಕ ದಿನವೇ ಪೇಮೆಂಟ್ ಬರುವುದಿಲ್ಲ.

ಇನ್ನು ಖರ್ಚಿನ ಕಡೆ ಕೈಹಾಕೋಣ. ಯಂತ್ರದ ಸಾಲಕ್ಕೆ ಕೆಲವು ತಿಂಗಳು ಬಡ್ಡಿ ಮಾತ್ರ ಕಟ್ಟುವಂತೆ ಬ್ಯಾಂಕು ಒಪ್ಪಿದರೆ ಕಂತು 1.5 ಲಕ್ಷದಿಂದ 60 ಸಾವಿರಕ್ಕೆ ಇಳಿಯುತ್ತದೆ. ಮನೆಗೆ ಒಯ್ಯುವುದು 60 ಸಾವಿರ, ಇತರ ಖರ್ಚು 40 ಸಾವಿರ, ಮಾತಾಡಿ ಒಪ್ಪಿಸಿದ ಬಾಡಿಗೆ 50 ಸಾವಿರ, ಮಂಜೂರಾದ ವಿದ್ಯುತ್ ಹೊರೆ ತಗ್ಗಿಸಿದರೆ ನಿಗದಿತ ಶುಲ್ಕ 10 ಸಾವಿರ. ಒಟ್ಟು 2 ಲಕ್ಷ ಉಳಿತಾಯ, ಸ್ಥಿರ ಖರ್ಚು 6.2 ಲಕ್ಷ, ಕೊರತೆ 1.7 ಲಕ್ಷ. ಅದೇ 11 ಲಕ್ಷ ಈಗ ಆರೂವರೆ ತಿಂಗಳು ಬರುತ್ತದೆ. ಒಬ್ಬ ಕೆಲಸಗಾರನನ್ನೂ ತೆಗೆಯದೆ ಕಾಲ ಎರಡರಷ್ಟಾಗಿದೆ. ನುರಿತ ಸಿಎನ್‌ಸಿ (ಕಂಪ್ಯೂಟರ್ ನಿಯಂತ್ರಿತ ಯಂತ್ರದ) ಆಪರೇಟರ್ ಒಮ್ಮೆ ಊರಿಗೆ ಹೋದರೆ ಮತ್ತೆ ಸಿಗುವುದು ಕಷ್ಟ. ಮೊದಲ ವಾರವೇ ಜನರನ್ನು ತೆಗೆಯುವುದು ಲೆಕ್ಕದ ದೃಷ್ಟಿಯಿಂದಲೂ ದುಬಾರಿ.

ನಿಗದಿತ ವಿದ್ಯುತ್ ಶುಲ್ಕ ಸಣ್ಣದಾಗಿ ಕಾಣಬಹುದು. ಆದರೆ ಬೀಗ ಹಾಕಿದ ಕಾರ್ಖಾನೆಗೂ ಅದು ಬರುತ್ತದೆ. 2020ರ ಮೇ ತಿಂಗಳಲ್ಲಿ ರಾಜ್ಯ ಸರ್ಕಾರ ಪ್ರಕಟಿಸಿದ 1,610 ಕೋಟಿ ರೂಪಾಯಿಯ ನೆರವಿನಲ್ಲಿ ಸಣ್ಣ ಕೈಗಾರಿಕೆಗಳ ಎರಡು ತಿಂಗಳ ನಿಗದಿತ ಶುಲ್ಕ ಮನ್ನಾ ಸೇರಿದ್ದು ಇದಕ್ಕಾಗಿಯೇ.

ಹದಿಮೂರು ವಾರಗಳ ಹಾಳೆ

ಸಂಕಟ ಬಂದಾಗ ವರ್ಷದ ಬಜೆಟ್ ಕೆಲಸಕ್ಕೆ ಬರುವುದಿಲ್ಲ. ಬೇಕಾದದ್ದು ಮುಂದಿನ ಮೂರು ತಿಂಗಳ ವಾರವಾರದ ಹಾಳೆ. ಒಂದು ನೋಟ್‌ಬುಕ್ಕಿನ ಎರಡು ಪುಟ ಸಾಕು.

ಮೇಲೆ ಹದಿಮೂರು ವಾರಗಳ ದಿನಾಂಕ. ಮೊದಲ ಸಾಲಿನಲ್ಲಿ ವಾರದ ಆರಂಭದ ನಗದು. ಅದರ ಕೆಳಗೆ ಬರುವ ಹಣ, ಪಾರ್ಟಿಯ ಹೆಸರಿನೊಂದಿಗೆ. ಇಲ್ಲಿ ಬಿಲ್ಲಿನಲ್ಲಿರುವ ತಾರೀಖು ಬರೆಯಬೇಡಿ. ಆ ಪಾರ್ಟಿ ಹಿಂದಿನ ಮೂರು ಬಿಲ್ಲಿಗೆ ನಿಜವಾಗಿ ಎಷ್ಟು ದಿನಕ್ಕೆ ಕೊಟ್ಟಿದೆಯೋ ಅದನ್ನೇ ಹಿಡಿಯಿರಿ. ಅದರ ಕೆಳಗೆ ಹೋಗುವ ಹಣ: ಬಟವಾಡೆ, 15ನೇ ತಾರೀಖಿನ ಪಿಎಫ್, 20ರ ಜಿಎಸ್‌ಟಿ, ಕಂತಿನ ದಿನ, ಕರೆಂಟು. ಕೊನೆಯ ಸಾಲು ವಾರದ ಕೊನೆಯ ನಗದು, ಅದೇ ಮುಂದಿನ ವಾರದ ಆರಂಭ.

ಎಂಟನೇ ವಾರದಲ್ಲಿ ಕೊನೆಯ ಸಾಲು ಸೊನ್ನೆಗಿಂತ ಕೆಳಗಿಳಿಯುತ್ತದೆ ಎಂದು ಇಂದೇ ಗೊತ್ತಾದರೆ ಬ್ಯಾಂಕಿನೊಂದಿಗೆ, ಉಕ್ಕಿನ ವ್ಯಾಪಾರಿಯೊಂದಿಗೆ ಮಾತಾಡಲು ಏಳು ವಾರ ಸಿಕ್ಕಿತು. ಹಾಳೆಯಿಲ್ಲದವರಿಗೆ ಇದು ಗೊತ್ತಾಗುವುದು ಚೆಕ್ ಬೌನ್ಸ್ ಆದ ದಿನ.

ಹಲವರು ಮೋಸಹೋಗುವ ಜಾಗ ಒಂದಿದೆ. ಆರ್ಡರ್ ಕುಸಿದ ಮೊದಲ ಎರಡು ತಿಂಗಳು ಬ್ಯಾಂಕ್ ಖಾತೆ ಚೆನ್ನಾಗಿಯೇ ಕಾಣುತ್ತದೆ. ಹಳೆಯ ದೊಡ್ಡ ಬಿಲ್ಲುಗಳ ಹಣ ಈಗ ಬರುತ್ತಿರುತ್ತದೆ, ಹೊಸ ಉಕ್ಕಿನ ಖರೀದಿ ಮಾತ್ರ ಕಡಿಮೆಯಾಗಿರುತ್ತದೆ. ‘ಹೇಗೋ ನಡೀತಿದೆ’ ಅನಿಸುವ ಆ ಎರಡು ತಿಂಗಳೇ ಖರ್ಚು ತಗ್ಗಿಸಲು ಇದ್ದ ಅವಕಾಶ. ಮೂರನೇ ತಿಂಗಳು ಹಳೆಯ ಬಿಲ್ಲು ಮುಗಿದು, ಅರ್ಧ ವಹಿವಾಟಿನ ಸಣ್ಣ ಬಿಲ್ಲುಗಳು ಮಾತ್ರ ಉಳಿದಿರುತ್ತವೆ.

ಎಲ್ಲರಿಗೂ ಕೊಡಲು ಹಣ ಸಾಲದಾದಾಗ ಯಾರಿಗೆ ಮೊದಲು? ಕೆಲಸಗಾರರ ಸಂಬಳ ಮತ್ತು ಅವರ ಸಂಬಳದಿಂದ ಮುರಿದ ಪಿಎಫ್ ಮೊದಲು. ಅದು ಅವರದೇ ಹಣ, ಉಳಿಸಿಕೊಂಡರೆ ದಂಡ, ಬಡ್ಡಿಯ ಜೊತೆ ಮೊಕದ್ದಮೆಗೂ ದಾರಿ. ಆಮೇಲೆ ವಸೂಲಿ ಮಾಡಿದ ಜಿಎಸ್‌ಟಿ, ಬೇರೆಯವರಿಗೆ ಹಣ ಕೊಡುವಾಗ ಮುರಿದ ಆದಾಯ ತೆರಿಗೆ, ಅಂದರೆ ಟಿಡಿಎಸ್. ಆಮೇಲೆ ಕರೆಂಟು, ಯಾರಿಲ್ಲದಿದ್ದರೆ ಕೆಲಸ ನಿಲ್ಲುತ್ತದೋ ಆ ಸರಬರಾಜುದಾರ, ಬ್ಯಾಂಕಿನ ಬಡ್ಡಿ. ಉಳಿದವರಿಗೆ ಫೋನ್ ಎತ್ತದೆ ಕೂರುವುದಕ್ಕಿಂತ ‘ಇಂಥ ವಾರ ಇಷ್ಟು’ ಎಂದು ಹೇಳಿ, ಸಣ್ಣ ಮೊತ್ತವಾದರೂ ಹೇಳಿದ ದಿನ ಕೊಡುವುದು ಮೇಲು.

ಈ ಹೊತ್ತಿನಲ್ಲಿ ಮೀಟರ್ ಬಡ್ಡಿಯವರ ಬಾಗಿಲಿಗೆ ಹೋಗುವವರು ಒಂದು ಗುಣಾಕಾರ ಮಾಡಬೇಕು. ತಿಂಗಳಿಗೆ ಶೇ 5ರಂತೆ 10 ಲಕ್ಷ ತಂದರೆ ಬಡ್ಡಿಯೇ 50 ಸಾವಿರ. ಒಳ್ಳೆಯ ಕಾಲದಲ್ಲೂ ಈ ಘಟಕ ಉಳಿಸುತ್ತಿದ್ದದ್ದು 80 ಸಾವಿರ.

ಬೇಕಾದಾಗಲೇ ಕುಗ್ಗುವ ಓಡಿ

ಮೇಲಿನ ಲೆಕ್ಕದಲ್ಲಿ ಓಡಿಯ 5 ಲಕ್ಷವನ್ನು ಸಂಪಿಗೆ ಸೇರಿಸಿದೆವು. ಅದು ಎಷ್ಟು ಗಟ್ಟಿ?

ಮಂಜೂರಾದ ಮಿತಿ 40 ಲಕ್ಷವಿದ್ದರೂ ಎಷ್ಟು ತೆಗೆಯಬಹುದು ಎಂಬುದನ್ನು ಬ್ಯಾಂಕು ಪ್ರತಿ ತಿಂಗಳ ಸ್ಟಾಕ್ ಸ್ಟೇಟ್‌ಮೆಂಟ್ (ಕೈಯಲ್ಲಿರುವ ಮಾಲು, ಬರಬೇಕಾದ ಬಾಕಿಯ ಪಟ್ಟಿ) ನೋಡಿ ತೀರ್ಮಾನಿಸುತ್ತದೆ. ಇದಕ್ಕೆ ಡ್ರಾಯಿಂಗ್ ಪವರ್ ಎನ್ನುತ್ತಾರೆ. ನಮ್ಮ ಘಟಕದಲ್ಲಿ ಸ್ಟಾಕ್ 18 ಲಕ್ಷ, ಅದರಲ್ಲಿ ವ್ಯಾಪಾರಿಗೆ ಕೊಡಬೇಕಾದದ್ದು 11 ಲಕ್ಷ, ನಿವ್ವಳ 7 ಲಕ್ಷ. ಗಿರಾಕಿಗಳಿಂದ ಬರಬೇಕಾದದ್ದು 75 ದಿನದ್ದು, 50 ಲಕ್ಷ. ಎರಡರಲ್ಲೂ ಕಾಲುಭಾಗ ಮಾರ್ಜಿನ್ (ಬ್ಯಾಂಕು ಸಾಲ ಕೊಡದೆ ಮಾಲೀಕನೇ ಹಾಕಬೇಕಾದ ಪಾಲು) ಕಳೆದರೆ 5.25 ಮತ್ತು 37.5, ಒಟ್ಟು 42.75 ಲಕ್ಷ. 40 ಲಕ್ಷದ ಮಿತಿಗೆ ಧಾರಾಳ. ಮಾರ್ಜಿನ್ ಬ್ಯಾಂಕಿನಿಂದ ಬ್ಯಾಂಕಿಗೆ ಬೇರೆ, ಮಂಜೂರಾತಿ ಪತ್ರದಲ್ಲಿ ನಿಮ್ಮದು ಎಷ್ಟೆಂದು ನೋಡಿಕೊಳ್ಳಿ.

ಸಾಮಾನ್ಯವಾಗಿ 90 ದಿನ ದಾಟಿದ ಬಾಕಿಯನ್ನು ಬ್ಯಾಂಕು ಈ ಲೆಕ್ಕಕ್ಕೆ ಹಿಡಿಯುವುದಿಲ್ಲ. ಸಂಕಟದಲ್ಲಿ ಗಿರಾಕಿಗಳು ತಡಮಾಡಿ, 12 ಲಕ್ಷದ ಬಿಲ್ಲುಗಳು 90 ದಿನ ದಾಟಿದವು ಎನ್ನಿ. ಲೆಕ್ಕಕ್ಕೆ ಸಿಗುವ ಬಾಕಿ 38 ಲಕ್ಷ, ಮಾರ್ಜಿನ್ ಕಳೆದು 28.5. ಡ್ರಾಯಿಂಗ್ ಪವರ್ 33.75 ಲಕ್ಷಕ್ಕೆ ಇಳಿಯಿತು. ಈಗಾಗಲೇ ತೆಗೆದಿರುವುದು 35 ಲಕ್ಷ. ಬಳಸದೆ ಉಳಿದಿದ್ದ 5 ಲಕ್ಷ ಮಾಯವಾಯಿತು, ಮೇಲೆ 1.25 ಲಕ್ಷ ವಾಪಸ್ ಕಟ್ಟಬೇಕು. ವಹಿವಾಟು ಕುಗ್ಗಿದಾಗಲೂ ಹೀಗೆಯೇ, ಹಳೆಯ ಬಿಲ್ಲಿನಿಂದ ಬಂದ ಹಣದ ದೊಡ್ಡ ಪಾಲು ಓಡಿ ಇಳಿಸಲು ಹೋಗುತ್ತದೆ. ಹಾಗಾಗಿ ಎಚ್ಚರದ ಲೆಕ್ಕದಲ್ಲಿ ಸಂಪು 6 ಲಕ್ಷ ಮಾತ್ರ. ಖರ್ಚು ತಗ್ಗಿಸದಿದ್ದರೆ ಒಂದೂವರೆ ತಿಂಗಳು ಚಿಲ್ಲರೆ, ತಗ್ಗಿಸಿದರೆ ಮೂರೂವರೆ.

ಸ್ಟಾಕ್ ಸ್ಟೇಟ್‌ಮೆಂಟ್ ಕೊಡುವುದನ್ನೇ ನಿಲ್ಲಿಸಿದರೆ ಇನ್ನೂ ಕೆಡುಕು. ಮೂರು ತಿಂಗಳಿಗಿಂತ ಹಳೆಯ ಸ್ಟೇಟ್‌ಮೆಂಟ್ ಮೇಲೆ ನಡೆಯುವ ಖಾತೆಯನ್ನು ರಿಸರ್ವ್ ಬ್ಯಾಂಕಿನ ನಿಯಮ ಕ್ರಮಬದ್ಧವಲ್ಲ ಎಂದು ಪರಿಗಣಿಸುತ್ತದೆ.

ಸಾಲದ ಬಾಕಿ 90 ದಿನ ದಾಟಿದರೆ ಖಾತೆ ಎನ್‌ಪಿಎ, ಅಂದರೆ ವಸೂಲಾಗದ ಸಾಲ. ಅದಕ್ಕೂ ಮೊದಲು ಎಸ್‌ಎಂಎ, ಅಂದರೆ ಬ್ಯಾಂಕು ವಿಶೇಷ ನಿಗಾ ಇಡುವ ಖಾತೆಯ ಮೂರು ಮೆಟ್ಟಿಲು: 30 ದಿನದವರೆಗೆ ಎಸ್‌ಎಂಎ-0, 31ರಿಂದ 60 ಎಸ್‌ಎಂಎ-1, 61ರಿಂದ 90 ಎಸ್‌ಎಂಎ-2. ಎನ್‌ಪಿಎ ಆದ ಮೇಲೆ ಹೊಸ ಸಾಲ ಸಿಗುವುದು ಬಹಳ ಕಷ್ಟ, ಬ್ಯಾಂಕಿನ ಮಾತಿನ ಧಾಟಿಯೂ ಬದಲಾಗುತ್ತದೆ. ಸಹಾಯ ಕೇಳುವ ಹೊತ್ತು ಎಸ್‌ಎಂಎ-0, ಅದಕ್ಕೂ ಮೊದಲಾದರೆ ಇನ್ನೂ ಒಳ್ಳೆಯದು.

ಇದಕ್ಕೆ ನಿಯಮವೂ ಇದೆ. ಕೇಂದ್ರ ಸರ್ಕಾರ 2015ರ ಮೇ 29ರಂದು ಹೊರಡಿಸಿದ ಅಧಿಸೂಚನೆಯ ಪ್ರಕಾರ, 25 ಕೋಟಿವರೆಗಿನ ಸಾಲವಿರುವ ಸಣ್ಣ ಉದ್ದಿಮೆ ತಾನೇ ಮುಂದಾಗಿ ಪುನಶ್ಚೇತನಕ್ಕೆ ಬ್ಯಾಂಕಿಗೆ ಅರ್ಜಿ ಕೊಡಬಹುದು. ಬ್ಯಾಂಕಿನ ಸಮಿತಿ ಅದನ್ನು ಪರಿಶೀಲಿಸಬೇಕು. ಬಾಯಿಮಾತಿಗಿಂತ ಬರಹದಲ್ಲಿ, ಈ ನಿಯಮವನ್ನು ಉಲ್ಲೇಖಿಸಿ, ಹದಿಮೂರು ವಾರಗಳ ಹಾಳೆಯನ್ನು ಲಗತ್ತಿಸಿ ಕೊಟ್ಟ ಅರ್ಜಿಗೆ ತೂಕ ಹೆಚ್ಚು.

ಕಂತು ಮುಂದೂಡುವುದು ಮನ್ನಾ ಅಲ್ಲ ಎಂಬುದೂ ಗೊತ್ತಿರಲಿ. 2020ರ ಮಾರ್ಚ್ 1ರಿಂದ ಆಗಸ್ಟ್ 31ರವರೆಗೆ ಕಂತು ಮುಂದೂಡಲು ರಿಸರ್ವ್ ಬ್ಯಾಂಕ್ ಅವಕಾಶ ಕೊಟ್ಟಾಗ ಬಡ್ಡಿ ಓಡುತ್ತಲೇ ಇತ್ತು. ಬಡ್ಡಿಯ ಮೇಲಿನ ಬಡ್ಡಿಯ ವಿಚಾರ ಸುಪ್ರೀಂ ಕೋರ್ಟಿನವರೆಗೆ ಹೋಗಿ ಇತ್ಯರ್ಥವಾಯಿತು. ಅದೇ ವರ್ಷ ಬಂದ ತುರ್ತು ಸಾಲ ಖಾತರಿ ಯೋಜನೆಯಲ್ಲಿ, 2020ರ ಫೆಬ್ರುವರಿ 29ಕ್ಕೆ ಇದ್ದ ಸಾಲದ ಶೇ 20ರಷ್ಟು ಹೊಸ ಸಾಲ ಹೆಚ್ಚಿನ ಅಡಮಾನವಿಲ್ಲದೆ ಸಿಕ್ಕಿತು. ಗಮನಿಸಿ: ಆಗಲೇ ಬ್ಯಾಂಕ್ ಸಾಲವಿದ್ದು, ಅದನ್ನು ಸರಿಯಾಗಿ ಕಟ್ಟುತ್ತಿದ್ದವರಿಗೆ ಅದು ಒದಗಿತು. ಕೈಸಾಲದ ಮೇಲೆ ನಡೆಯುತ್ತಿದ್ದವರು ಹೊರಗೇ ಉಳಿದರು.

ಬರಬೇಕಾದ ಹಣಕ್ಕೆ ಕಾನೂನಿನ ಬಲ

2006ರ ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ದಿಮೆಗಳ ಕಾಯ್ದೆಯ ಪ್ರಕಾರ, ಸೂಕ್ಷ್ಮ ಅಥವಾ ಸಣ್ಣ ಘಟಕದಿಂದ ಮಾಲು ಕೊಂಡವರು ಒಪ್ಪಂದದ ದಿನದೊಳಗೆ, ಅದೂ ಹೆಚ್ಚೆಂದರೆ 45 ದಿನದಲ್ಲಿ ಹಣ ಕೊಡಬೇಕು. ಬರಹದ ಒಪ್ಪಂದವಿಲ್ಲದಿದ್ದರೆ 15 ದಿನ. ತಪ್ಪಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ತಿಂಗಳಿಗೊಮ್ಮೆ ಚಕ್ರಬಡ್ಡಿಯಾಗಿ. 2023ರ ಹಣಕಾಸು ಕಾಯ್ದೆ ಇದಕ್ಕೆ ಇನ್ನೊಂದು ಹಿಡಿತ ಸೇರಿಸಿತು. ಅವಧಿಯೊಳಗೆ ಕೊಡದ ಮೊತ್ತವನ್ನು ಕೊಂಡವರು ಆ ವರ್ಷದ ಆದಾಯ ತೆರಿಗೆಯಲ್ಲಿ ಖರ್ಚೆಂದು ತೋರಿಸುವಂತಿಲ್ಲ, ನಿಜವಾಗಿ ಕೊಟ್ಟ ವರ್ಷ ಮಾತ್ರ ತೋರಿಸಬಹುದು. ಮಾರ್ಚ್ ಬಂದಾಗ ಗಿರಾಕಿಯ ಅಕೌಂಟ್ಸ್ ವಿಭಾಗಕ್ಕೆ ಈ ಮಾತು ಬೇಗ ಅರ್ಥವಾಗುತ್ತದೆ.

ಇದಕ್ಕೆಲ್ಲ ಉದ್ಯಮ್ ನೋಂದಣಿ ಬೇಕು. ಅದು ಪೂರ್ತಿ ಉಚಿತ. ಮಾಲು ಕಳಿಸುವ ಮೊದಲೇ ಮಾಡಿಸಿ, ಬಿಲ್ಲಿನ ಮೇಲೆ ಸಂಖ್ಯೆ ಮುದ್ರಿಸಿ. ನೋಂದಣಿಗೂ ಮೊದಲು ಕಳಿಸಿದ ಮಾಲಿಗೆ ರಕ್ಷಣೆ ಸಿಗುತ್ತದೆಯೇ ಎಂಬುದು ಕೋರ್ಟು ಕಚೇರಿಯ ವಾದವಾಗುತ್ತದೆ. 2025ರ ಏಪ್ರಿಲ್ 1ರಿಂದ ವ್ಯಾಪ್ತಿ ಹಿಗ್ಗಿದೆ: ಯಂತ್ರದ ಹೂಡಿಕೆ 2.5 ಕೋಟಿ, ವಹಿವಾಟು 10 ಕೋಟಿವರೆಗೆ ಸೂಕ್ಷ್ಮ. 25 ಕೋಟಿ ಮತ್ತು 100 ಕೋಟಿವರೆಗೆ ಸಣ್ಣ.

ಹಣ ಬಾರದಿದ್ದರೆ ಆನ್‌ಲೈನ್‌ನಲ್ಲಿ ರಾಜ್ಯದ ಸೌಲಭ್ಯ ಮಂಡಳಿಗೆ ದೂರು ಕೊಡಬಹುದು. ಮಂಡಳಿಯ ತೀರ್ಪನ್ನು ಪ್ರಶ್ನಿಸಲು ಕೊಂಡವರು ಮೊದಲು ಶೇ 75ರಷ್ಟು ಮೊತ್ತ ಠೇವಣಿ ಇಡಬೇಕು. ಆದರೂ ಸಣ್ಣವರು ದೂರು ಕೊಡಲು ಹಿಂಜರಿಯುತ್ತಾರೆ, ಮುಂದಿನ ಆರ್ಡರ್ ಹೋಗುತ್ತದೆ ಎಂಬ ಭಯ ನಿಜವಾದದ್ದೇ. ಅಂಥವರಿಗೆ ಟಿಆರ್‌ಇಡಿಎಸ್ ಮೃದುವಾದ ದಾರಿ. ಇದು ಬಿಲ್ಲನ್ನು ಹಣವಾಗಿಸುವ ಆನ್‌ಲೈನ್ ವೇದಿಕೆ. ನೀವು ಬಿಲ್ಲು ಹಾಕುತ್ತೀರಿ, ಕೊಂಡವರು ಒಪ್ಪುತ್ತಾರೆ, ಬ್ಯಾಂಕುಗಳು ಬಡ್ಡಿದರದ ಬಿಡ್ ಕೂಗುತ್ತವೆ, ನೀವು ಆರಿಸಿದ ಬಿಡ್ಡಿನ ಹಣ ಒಂದೆರಡು ದಿನದಲ್ಲಿ ಬರುತ್ತದೆ. ಬಡ್ಡಿದರ ಕೊಂಡವರ ಸಾಲಾರ್ಹತೆ ನೋಡಿ ನಿಗದಿಯಾಗುವುದರಿಂದ ನಿಮ್ಮ ಓಡಿಗಿಂತ ಅಗ್ಗವಾಗಬಹುದು. ಮುಂದೆ ಅವರು ಕಟ್ಟದಿದ್ದರೂ ಬ್ಯಾಂಕು ನಿಮ್ಮ ಬಳಿ ಬರುವುದಿಲ್ಲ. 250 ಕೋಟಿಗಿಂತ ಹೆಚ್ಚು ವಹಿವಾಟಿನ ಕಂಪನಿಗಳು ಇದರಲ್ಲಿ ನೋಂದಾಯಿಸಿಕೊಳ್ಳುವುದು ಕಡ್ಡಾಯ. ಆದರೆ ಬಿಲ್ಲನ್ನು ಅವರು ಒಪ್ಪದಿದ್ದರೆ ಇಡೀ ಸರಪಳಿ ಅಲ್ಲಿಯೇ ನಿಲ್ಲುತ್ತದೆ. ಮೊದಲು ಅವರ ಖರೀದಿ ವಿಭಾಗದ ಜೊತೆ ಮಾತಾಡಿಕೊಳ್ಳಿ.

ಬೇರೆ ಮಾಲಿಗೆ ತಿರುಗುವುದು

2020ರಲ್ಲಿ ಬೆಂಗಳೂರಿನ ಉಡುಪು ಕಾರ್ಖಾನೆಗಳು ಪಿಪಿಇ ಕಿಟ್ ಹೊಲಿಯಲು ತಿರುಗಿದವು. ಹೊಲಿಗೆ ಯಂತ್ರ, ಕೈಚಳಕ ಎರಡೂ ಇದ್ದವು. ಕೊರತೆಯಿದ್ದದ್ದು ಹೊಲಿಗೆಯ ತೂತು ಮುಚ್ಚುವ ಸೀಮ್ ಸೀಲಿಂಗ್ ಟೇಪು ಮತ್ತು ಅದನ್ನು ಬಿಸಿಯಲ್ಲಿ ಅಂಟಿಸುವ ಯಂತ್ರಕ್ಕೆ. ಜೊತೆಗೆ ಬಟ್ಟೆ, ಹೊಲಿಗೆಗಳ ಮೂಲಕ ಕೃತಕ ರಕ್ತ ಒಳನುಸುಳುವುದಿಲ್ಲ ಎಂಬ ಪರೀಕ್ಷೆ ಪಾಸಾಗಬೇಕಿತ್ತು. ಮೈಸೂರಿನ ಸ್ಕ್ಯಾನ್‌ರೇ ಕಂಪನಿಯ ವಿನ್ಯಾಸದ ವೆಂಟಿಲೇಟರ್‌ಗಳನ್ನು ಬಿಇಎಲ್ 30,000 ಸಂಖ್ಯೆಯಲ್ಲಿ ತಯಾರಿಸಿದಾಗಲೂ ಅಷ್ಟೇ, ಆಮದಾಗುತ್ತಿದ್ದ ಕವಾಟ, ಸಂವೇದಕಗಳನ್ನು ಇಲ್ಲೇ ಮಾಡಿಕೊಳ್ಳಬೇಕಾಯಿತು.

ಆದ್ದರಿಂದ ಹೊಸ ಮಾಲಿಗೆ ಕೈಹಾಕುವ ಮುನ್ನ ಕೇಳಬೇಕಾದದ್ದು: ಈಗಿನ ಯಂತ್ರ ಮತ್ತು ಜನರಿಂದ ಎಷ್ಟು ಪಾಲು ಆಗುತ್ತದೆ, ಸಿಗದಿರುವ ಆ ಒಂದು ವಸ್ತು ಯಾವುದು, ಪ್ರಮಾಣಪತ್ರಕ್ಕೆ ಎಷ್ಟು ವಾರ, ಮೊದಲ ಹಣ ಯಾವಾಗ. ಹೊಸ ಯಂತ್ರಕ್ಕೆ ಸಂಪಿನ ಅರ್ಧಕ್ಕಿಂತ ಹೆಚ್ಚು ಬೇಕೆಂದರೆ ಕೈಬಿಡುವುದು ಲೇಸು. ಎಲ್ಲರೂ ಅದನ್ನೇ ಮಾಡತೊಡಗಿದಾಗ ಬೆಲೆ ಕುಸಿಯುತ್ತದೆ, ಮಾಸ್ಕು, ಕಿಟ್ಟುಗಳಲ್ಲಿ ಆದದ್ದು ಹಾಗೆಯೇ. ಒಂದೇ ಗಿರಾಕಿಯಿಂದ ಅರ್ಧಕ್ಕಿಂತ ಹೆಚ್ಚು ವಹಿವಾಟು ಬರುವ ಘಟಕಕ್ಕೆ ಹೊಸ ಮಾಲಿಗಿಂತ ಹಳೆಯ ಮಾಲಿಗೆ ಎರಡನೇ, ಮೂರನೇ ಗಿರಾಕಿ ಹುಡುಕುವುದು ಅಗ್ಗ.

ವಿಮೆಯಲ್ಲಿ ತಪ್ಪುವ ಒಂದು ಜಾಗ

40 ಲಕ್ಷದ ಸ್ಟಾಕನ್ನು ಪ್ರೀಮಿಯಂ ಉಳಿಸಲು 20 ಲಕ್ಷಕ್ಕೆ ವಿಮೆ ಮಾಡಿಸಿ, ನೆರೆಯಲ್ಲಿ 10 ಲಕ್ಷದ ಮಾಲು ಹಾಳಾದರೆ ಸಿಗುವುದು 10 ಅಲ್ಲ, 5 ಲಕ್ಷ. ಎಷ್ಟು ಪಾಲಿಗೆ ವಿಮೆಯಿತ್ತೋ ಅಷ್ಟೇ ಪಾಲು ಪರಿಹಾರ. ಒಂದು ಸ್ಥಳದಲ್ಲಿ 5 ಕೋಟಿವರೆಗಿನ ಆಸ್ತಿಗೆ 2021ರಿಂದ ಇರುವ ಭಾರತ್ ಸೂಕ್ಷ್ಮ ಉದ್ಯಮ್ ಸುರಕ್ಷಾ ಪಾಲಿಸಿಯಲ್ಲಿ ನೆರೆಯೂ ಸೇರಿದೆ, ಶೇ 15ರವರೆಗಿನ ಕೊರತೆಯನ್ನು ಅದು ಮನ್ನಿಸುತ್ತದೆ. ಕೊರತೆ ಅದನ್ನೂ ಮೀರಿದರೆ ಮೇಲಿನ ಲೆಕ್ಕವೇ.

ಆರ್ಡರ್ ಮರಳಿ ಬಂದಾಗ

ವಿಚಿತ್ರವೆನಿಸಿದರೂ, ಸಂಕಟ ದಾಟಿದ ಎಷ್ಟೋ ಘಟಕಗಳು ಚೇತರಿಕೆಯಲ್ಲಿ ಎಡವುತ್ತವೆ. ಕುಸಿತದಲ್ಲಿ ಹಳೆಯ ಬಿಲ್ಲುಗಳು ಹಣ ತಂದುಕೊಟ್ಟಿದ್ದವು, ಚೇತರಿಕೆಯಲ್ಲಿ ಅದೇ ತಿರುಗಿ ಹೊಡೆಯುತ್ತದೆ. ಸಂಪು ತಳಕಂಡಿದೆ, ಬರಬೇಕಾದ ಹಳೆಯ ಬಿಲ್ಲುಗಳಿಲ್ಲ, ಬಿಲ್ಲುಗಳಿಲ್ಲದ್ದರಿಂದ ಡ್ರಾಯಿಂಗ್ ಪವರ್ ಕೂಡ ಇಲ್ಲ. ಈಗ ತಿಂಗಳಿಗೆ 20 ಲಕ್ಷದ ಆರ್ಡರ್ ಒಮ್ಮೆಲೇ ಬಂದರೆ ಪ್ರತಿ ತಿಂಗಳೂ 11 ಲಕ್ಷದ ಸಾಮಗ್ರಿ, 3.6 ಲಕ್ಷದ ಸಂಬಳ ಹೊರಗೆ ಹೋಗುತ್ತದೆ. ಮೊದಲ ಬಿಲ್ಲಿನ ಹಣ ಬರುವುದು ಸುಮಾರು ಮೂರು ತಿಂಗಳ ಮೇಲೆ.

ಪೂರ್ತಿ ಆರ್ಡರನ್ನು ಒಂದೇ ಸಲ ಒಪ್ಪದೆ ಕಂತಿನಲ್ಲಿ ಒಪ್ಪಿ. ಮೊದಲ ತಿಂಗಳು 10 ಲಕ್ಷದ್ದು ಮಾಡಿ, ಮುಂದಿನದನ್ನು ಹದಿಮೂರು ವಾರಗಳ ಹಾಳೆ ನೋಡಿ ಏರಿಸಿ. ಗಿರಾಕಿಗೂ ತುರ್ತಿರುವ ಹೊತ್ತು ಇದು. ಉಕ್ಕನ್ನು ಅವರೇ ಕೊಟ್ಟು ಕೆಲಸದ ಕೂಲಿ ಮಾತ್ರ ನೀವು ಪಡೆಯುವ ಜಾಬ್ ವರ್ಕ್ ಒಪ್ಪಂದ, ಇಲ್ಲವೇ ಶೇ 30 ಮುಂಗಡ, ಅದೂ ಆಗದಿದ್ದರೆ 75 ದಿನದ ಬದಲು 45 ದಿನದ ಪೇಮೆಂಟ್ ಕೇಳಬಹುದಾದ ಹೊತ್ತು. 75ರಿಂದ 45ಕ್ಕೆ ಇಳಿದರೆ ತಿಂಗಳಿಗೆ 20 ಲಕ್ಷದ ವಹಿವಾಟಿನಲ್ಲಿ ಬಾಕಿಯಾಗಿ ಸಿಕ್ಕಿಕೊಳ್ಳುವ ಹಣ 50 ಲಕ್ಷದಿಂದ 30 ಲಕ್ಷಕ್ಕೆ ಇಳಿಯುತ್ತದೆ. ಬ್ಯಾಂಕಿಗೆ ಮಿತಿ ಏರಿಸಲು ಕೇಳುವುದಿದ್ದರೆ ಈ ಹೊಸ ಆರ್ಡರ್ ಪತ್ರಗಳ ಜೊತೆಗೆ, ಕೆಲಸ ಶುರುಮಾಡುವ ಮೊದಲೇ ಹೋಗಿ.